ಕಂಪನಿ ಮುಚ್ಚಿದರೂ ಟ್ರ್ಯಾಕ್ಟರ್ ನಿಂತಿಲ್ಲ!
ಹಳೇ ಗಾಡಿಗೆ ಸಾಮಾನು ಹುಡುಕುವ ಪಾಡು

ದಾವಣಗೆರೆ: ಹರಿಹರ-ದಾವಣಗೆರೆ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಇದು ಕಂಡು ಕಂಡು ಸಾಕಾದ ನೋಟ. ಬಾಗಿಲ ಪಕ್ಕ ಒಬ್ಬ ರೈತ. ಕಾಲ ಬುಡದಲ್ಲಿ ಯೂರಿಯಾ ಚೀಲ. ಚೀಲದೊಳಗೆ ಎಣ್ಣೆ ಜಿನುಗುವ ಕಬ್ಬಿಣ. "ಯಜಮಾನ್ರೆ, ಚೀಲ ಆ ಕಡೆ ಸರಿಸ್ರಿ, ಮಂದಿ ಬಟ್ಟಿಗೆ ಗ್ರೀಸ್ ಆಗ್ತತಿ" ಎಂದು ಕಂಡಕ್ಟರ್ ಗದರುತ್ತಾನೆ. ಪಕ್ಕದವರು ಪಂಚೆ ಎತ್ತಿ ಹಿಡಿದು ಮೂಗು ಮುರಿಯುತ್ತಾರೆ.

ಮೂಗು ಮುರಿಯುವವರಿಗೆ ಒಂದು ಮಾತು. ಆ ಚೀಲದಲ್ಲಿರುವುದು ಬರೀ ಕಬ್ಬಿಣವಲ್ಲ, ಆ ಮನೆಯ ಈ ವರ್ಷದ ಮೆಕ್ಕೆಜೋಳ. ಸಂಜೆಯೊಳಗೆ ಅದರ ಜೋಡಿ ಸಾಮಾನು ಸಿಕ್ಕರೆ ಬಿತ್ತನೆ. ಸಿಗದಿದ್ದರೆ ಬಾಡಿಗೆ ಟ್ರ್ಯಾಕ್ಟರಿನ ಮನೆ ಮುಂದೆ ಪಾಳಿ.

ಮೃಗಶಿರಾ ಮಳೆ ಬಿದ್ದು ನೆಲ ಹದಕ್ಕೆ ಬಂದ ವಾರವೇ ಹಳೇ ಟ್ರ್ಯಾಕ್ಟರ್ ಕೈ ಕೊಡುವುದೇಕೆ? ಇದರಲ್ಲಿ ಹಣೆಬರಹವೇನೂ ಇಲ್ಲ. ಬೇಸಿಗೆಯಲ್ಲಿ ಮರದ ನೆರಳಿಗೆ ನಿಂತ ಗಾಡಿಯ ರಬ್ಬರ್ ಸೀಲುಗಳು ಒಣಗಿ ಬಿರಿದಿರುತ್ತವೆ. ಟ್ಯಾಂಕಿನ ತಳದಲ್ಲಿ ನೀರು, ಕಸ ಕೂತಿರುತ್ತದೆ. ಅದನ್ನು ಒಂದೇ ದಿನ ಎಬ್ಬಿಸಿ ನೇಗಿಲು ಕಟ್ಟಿದರೆ ಎಲ್ಲಿ ಸವೆದಿದೆಯೋ ಅಲ್ಲೇ ಮುರಿಯುತ್ತದೆ. ಭದ್ರಾ ನಾಲೆಯ ಭತ್ತದ ಗದ್ದೆಗಳ ಕಥೆ ಇನ್ನೂ ಬೇರೆ. ಕೇಜ್‌ವೀಲ್ ಹಾಕಿ ಕೆಸರಿನಲ್ಲಿ ತಿರುಗಿದ ಗಾಡಿಯ ಗಾಲಿ ಸೀಲಿನೊಳಗೆ ಮಣ್ಣು ನುಗ್ಗಿ, ಬೇರಿಂಗನ್ನು ಅರೆದು ಹಾಕುತ್ತದೆ.

"ಹಂಗಾದ್ರ ಹೊಸಾದು ತಗೊಳ್ಳಿ" ಎಂದು ಹೇಳುವುದು ಸುಲಭ. ಹೊಸದೆಂದರೆ ಲಕ್ಷಗಳ ಲೆಕ್ಕ, ಬ್ಯಾಂಕಿನ ಕಂತು. ಹಳೆಯದರ ಸಾಲ ಅಪ್ಪನ ಕಾಲಕ್ಕೇ ತೀರಿದೆ. ಸರ್ಕಾರದ 'ಕೃಷಿ ಯಂತ್ರಧಾರೆ' ಬಾಡಿಗೆ ಕೇಂದ್ರಗಳು 2014ರಿಂದ ಇವೆ, ನಿಜ. ಆದರೆ ಹದ ಬಂದ ವಾರ ಹೋಬಳಿಯ ರೈತರಿಗೆಲ್ಲ ಒಂದೇ ದಿನ ಟ್ರ್ಯಾಕ್ಟರ್ ಬೇಕಾದರೆ ಕೇಂದ್ರದವರಾದರೂ ಏನು ಮಾಡಿಯಾರು?

ಹೆಸರಿಗೆ ಸಾಮಾನಿಲ್ಲ

ಪಿ.ಬಿ. ರಸ್ತೆಯ ಸ್ಪೇರ್ಸ್ ಅಂಗಡಿಗಳ ಕಟ್ಟೆಯಲ್ಲಿ ಹಂಗಾಮಿನ ದಿನಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ತರಹದ್ದು.

"ಸಾವ್ಕಾರ್ರೆ, ಎಚ್ಚೆಮ್ಟಿ ಹಿಂದಿನ ಗಾಲಿ ಬೇರಿಂಗ್ ಕೊಡ್ರಿ."

"ಯಾವ ಎಚ್ಚೆಮ್ಟಿ? 2511ಓ, 3511ಓ, 5911ಓ?"

"ಹಳೇದು ರೀ. ನಮ್ಮಪ್ಪ ತಂದಿದ್ದು."

"ಹಳೇದು ಅಂದ್ರ ನಂಬರ್ ಅಲ್ಲ ಯಜಮಾನ್ರೆ. ಹೋಗಿರೋ ಬೇರಿಂಗ್ ತಂದೀರೇನು?"

"ಅದು ಪುಡಿ ಆಗಿತ್ತು ರೀ, ಅಲ್ಲೇ ಒಗೆದು ಬಂದೆ."

ಇಲ್ಲಿಗೆ ಅರ್ಧ ದಿನ ಹೋಯಿತು. ಊರಿಗೆ ವಾಪಸ್, ತಿಪ್ಪೆಯಲ್ಲಿ ಹುಡುಕಾಟ, ಮತ್ತೆ ಬಸ್ಸು. ಹಳೇ ಟ್ರ್ಯಾಕ್ಟರಿನ ಮೊದಲ ಪಾಠ ಇದು: ಮುರಿದ ಸಾಮಾನೇ ಹೊಸ ಸಾಮಾನಿನ ಚೀಟಿ. ಪುಡಿಯಾಗಿದ್ದರೆ ಪುಡಿಯನ್ನೇ ಚೀಲಕ್ಕೆ ತುಂಬಿಕೊಂಡು ಬರಬೇಕು. ಬೇರಿಂಗಿನ ಹೊರಗಿನ ಬಳೆ ಒಂದು ಉಳಿದಿದ್ದರೂ ಅಂಗಡಿಯವನಿಗೆ ದಾರಿ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ಬೀಡಿನ ಮೇಲೆ ಉಬ್ಬಾಗಿ ಎದ್ದಿರುವ ನಂಬರೆಲ್ಲ ಪಾರ್ಟ್ ನಂಬರ್ ಅಲ್ಲ. ಎಷ್ಟೋ ಸಲ ಅದು ಅಚ್ಚಿನ ನಂಬರ್. ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಬೇರೆ ಬೇರೆ ಅಳತೆಗೆ ಕಡಿದ ಸಾಮಾನುಗಳಿರುತ್ತವೆ. ಆ ನಂಬರನ್ನು ಫೋನಿನಲ್ಲಿ ಬೆಂಗಳೂರಿಗೆ ಓದಿ ಹೇಳಿ, ಬಂದ ಮಾಲು ಕೂರದೆ ತಲೆ ಮೇಲೆ ಕೈ ಹೊತ್ತವರು ಉಂಟು. ಆರ್.ಸಿ. ಪುಸ್ತಕದಲ್ಲಿರುವ ಇಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಬರೆದು ತಂದರೆ ವಾಸಿ. ಒಂದೇ ಮಾಡಲ್ಲಿನಲ್ಲೂ ಕಂಪನಿಯವರು ನಡುವೆ ನಡುವೆ ಸಾಮಾನು ಬದಲಿಸಿರುತ್ತಾರೆ. ಯಾವ ಕಾಲದ ಗಾಡಿ ಎಂಬುದು ಆ ನಂಬರಿನಿಂದಲೇ ತಿಳಿಯಬೇಕು.

ಮನೆತನ ಬದಲಾದವು

ನಂಬರ್ ಸಿಕ್ಕರೂ ಯಾರ ಮನೆ ಬಾಗಿಲು ತಟ್ಟಬೇಕೆಂಬುದು ಎರಡನೇ ಪ್ರಶ್ನೆ. ಯಾಕೆಂದರೆ ಟ್ರ್ಯಾಕ್ಟರ್ ಮಾಡಿದ ಕಂಪನಿಗಳು ಒಂದೊಂದಾಗಿ ಮನೆ ಬದಲಿಸಿವೆ.

ಐಶರ್ ಕಂಪನಿ 1959ರಲ್ಲಿ ಫರೀದಾಬಾದಿನಲ್ಲಿ ಟ್ರ್ಯಾಕ್ಟರ್ ಶುರು ಮಾಡಿತು. 2005ರಲ್ಲಿ ಅದರ ಟ್ರ್ಯಾಕ್ಟರ್ ವ್ಯವಹಾರ ಮದ್ರಾಸಿನ ಟ್ಯಾಫೆ ಪಾಲಾಯಿತು. ಪಂಜಾಬಿನ ಸ್ವರಾಜ್ 1974ರಲ್ಲಿ ಬಂತು, 2007ರಲ್ಲಿ ಮಹೀಂದ್ರ ಮಡಿಲಿಗೆ ಬಿತ್ತು. ಹಿಂದೆ 'ಇಂಟರ್‌ನ್ಯಾಷನಲ್' ಎಂದು ಕರೆಯುತ್ತಿದ್ದ ಬಿ-275 ಕೂಡ 1977ರಲ್ಲೇ ಮಹೀಂದ್ರ ಕಂಪನಿಯೊಳಗೆ ಸೇರಿತು. ಎಸ್ಕಾರ್ಟ್ಸ್ ತಯಾರಿಸುತ್ತಿದ್ದ ಫೋರ್ಡ್ 3600 ಮುಂದೆ ಫಾರ್ಮ್‌ಟ್ರ್ಯಾಕ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಆ ಎಸ್ಕಾರ್ಟ್ಸ್ ಸಹ 2022ರಿಂದ ಜಪಾನಿನ ಕುಬೋಟಾ ಜೊತೆ ಸೇರಿ ಎಸ್ಕಾರ್ಟ್ಸ್ ಕುಬೋಟಾ ಆಗಿದೆ.

ಇವೆಲ್ಲ ಮದುವೆಯಾಗಿ ಹೋದ ಹೆಣ್ಣುಮಕ್ಕಳಂತೆ. ಅಡ್ಡಹೆಸರು ಬದಲಾದರೂ ವಿಳಾಸವೊಂದು ಇದೆ. ಫೋರ್ಡ್ 3600ರ ಮಾಲೀಕ "ಫೋರ್ಡ್ ಸಾಮಾನು ಐತೇನು?" ಎಂದು ಕೇಳಿ "ಇಲ್ಲ" ಅನ್ನಿಸಿಕೊಳ್ಳುವ ಬದಲು, "ಫಾರ್ಮ್‌ಟ್ರ್ಯಾಕ್ 60ರದು ತೋರಿಸ್ರಿ, ಅಳತಿ ಹಚ್ಚಿ ನೋಡಾಣ" ಎಂದರೆ ಎಷ್ಟೋ ಸಲ ಕೆಲಸ ಆಗುತ್ತದೆ.

ಎಚ್.ಎಂ.ಟಿ.ಗೆ ವಾರಸುದಾರ ಇಲ್ಲ

ವಾರಸುದಾರನೇ ಇಲ್ಲದ್ದು ನಮ್ಮ ಎಚ್.ಎಂ.ಟಿ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿ ನಮ್ಮ ಮಂದಿಗೆ ಗೊತ್ತಿರುವುದು ಕೈಗಡಿಯಾರದಿಂದ. ಆದರೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ಸಹಯೋಗದಲ್ಲಿ 25 ಅಶ್ವಶಕ್ತಿಯ ಟ್ರ್ಯಾಕ್ಟರನ್ನೂ ಅದು ತಯಾರಿಸಿತು. ಮುಂದೆ ದೊಡ್ಡವೂ ಬಂದವು. ದಪ್ಪ ಬೀಡು, ಸರಳ ಇಂಜಿನ್, ಟ್ರೇಲರ್ ಎಳೆಯಲು ಗಟ್ಟಿ ಗಾಡಿ ಎಂದು ಹೆಸರು ಮಾಡಿದವು.

2016ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟ ಪಿಂಜೋರಿನ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಗಡಿಯಾರದ ಕಂಪನಿಗೂ ಅದೇ ವರ್ಷದ ಜನವರಿಯಲ್ಲಿ ಅದೇ ಗತಿ ಬಂದಿತ್ತು. ಗಡಿಯಾರ ನಿಂತರೆ ಗೋಡೆ ನೋಡಿಯಾದರೂ ಟೈಮ್ ತಿಳಿಯಬಹುದು. ಟ್ರ್ಯಾಕ್ಟರ್ ನಿಂತರೆ?

ಆದರೂ ಒಂದು ಸಮಾಧಾನ ಇದೆ. ಜೆಟರ್ ಕಂಪನಿ 1960ರ ದಶಕದಲ್ಲೇ ತನ್ನ ಎರಡು, ಮೂರು, ನಾಲ್ಕು ಸಿಲಿಂಡರಿನ ಗಾಡಿಗಳಿಗೆ ಆದಷ್ಟೂ ಒಂದೇ ತರಹದ ಸಾಮಾನು ಬಳಸುವ ಪದ್ಧತಿ ಇಟ್ಟುಕೊಂಡಿತ್ತು. ಹಾಗಾಗಿ ಒಂದು ಮಾಡಲ್ಲಿನ ಸಾಮಾನು ಇನ್ನೊಂದಕ್ಕೆ ಕೂರುವುದುಂಟು. ಇಲ್ಲೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಎಲ್ಲ ಮಾಡಲ್ಲಿಗೂ ಬೋರ್ ಒಂದೇ ಅಲ್ಲ. ಪಿಸ್ಟನ್, ಲೈನರ್ ತರುವ ಮುಂಚೆ ವರ್ನಿಯರ್ ಹಿಡಿದು ಅಳೆಯಲೇಬೇಕು.

ಕಂಪನಿ ಸತ್ತರೂ ಸಾಯದ ನಂಬರು

ಟ್ರ್ಯಾಕ್ಟರಿನ ಎಲ್ಲ ಸಾಮಾನನ್ನೂ ಟ್ರ್ಯಾಕ್ಟರ್ ಕಂಪನಿಯೇ ಮಾಡುವುದಿಲ್ಲ ಎಂಬ ಗುಟ್ಟು ಅನೇಕರಿಗೆ ಗೊತ್ತಿಲ್ಲ. ಬೇರಿಂಗ್, ಆಯಿಲ್ ಸೀಲ್, ಬೆಲ್ಟ್, ಫಿಲ್ಟರ್, ಪಂಪು ಇವೆಲ್ಲ ಹೊರಗಿನಿಂದ ತಂದು ಕೂರಿಸಿದ್ದು. ಅದರಲ್ಲೂ ಬೇರಿಂಗಿನ ನಂಬರ್ ಜಗತ್ತಿಗೆಲ್ಲ ಒಂದೇ.

ಲೆಕ್ಕ ಬಲು ಸುಲಭ. ಬೇರಿಂಗಿನ ಅಂಚಿನಲ್ಲಿ 6205 ಎಂದು ಕೊರೆದಿದ್ದರೆ ಕೊನೆಯ ಎರಡಂಕಿ 05. ಅದನ್ನು 5ರಿಂದ ಗುಣಿಸಿ: 25. ಒಳಗಿನ ತೂತು 25 ಮಿ.ಮೀ. ಎಂದಾಯಿತು. 6306 ಆದರೆ 30 ಮಿ.ಮೀ. ಈ ಲೆಕ್ಕ 04ರಿಂದ ಮೇಲಕ್ಕೆ. ಅದಕ್ಕಿಂತ ಕೆಳಗೆ 00 ಎಂದರೆ 10, 01 ಎಂದರೆ 12, 02 ಎಂದರೆ 15, 03 ಎಂದರೆ 17 ಮಿ.ಮೀ. ಮನೆಯ ಸೀಲಿಂಗ್ ಫ್ಯಾನಿನಲ್ಲಿ ಸಾಮಾನ್ಯವಾಗಿ ಇರುವ 6202 ಇದೇ ಜಾತಿಯದು. ನಂಬರಿನ ಹಿಂದೆ 'ಝಡ್‌ಝಡ್' ಇದ್ದರೆ ಎರಡೂ ಕಡೆ ತಗಡಿನ ಮುಚ್ಚಳ, '2ಆರ್‌ಎಸ್' ಇದ್ದರೆ ರಬ್ಬರ್ ಮುಚ್ಚಳ.

ಆಯಿಲ್ ಸೀಲಿನದೂ ಹೀಗೆಯೇ. 35-52-7 ಎಂದಿದ್ದರೆ ಶಾಫ್ಟು 35, ಹೊರಗಿನ ಮನೆ 52, ದಪ್ಪ 7 ಮಿ.ಮೀ. ಅಂಗಡಿಯಲ್ಲಿ "ಟ್ರ್ಯಾಕ್ಟರ್ ಸೀಲ್" ಎಂದು ಕೇಳಿದರೆ ಇಲ್ಲವೆನ್ನುವ ಹುಡುಗ, ಈ ಮೂರು ಅಂಕಿ ಹೇಳಿದರೆ ಡಬ್ಬಿ ಇಳಿಸುತ್ತಾನೆ. ಅದು ಮೊದಲು ಕಾರಿಗೆಂದು ತಂದದ್ದೋ ನೀರಿನ ಪಂಪಿಗೆಂದು ತಂದದ್ದೋ, ರೈತನಿಗೇನು? ಶಾಫ್ಟು ಹಿಡಿದು ಎಣ್ಣೆ ನಿಂತರೆ ಸಾಕು.

ಬೋಲ್ಟಿನ ವಿಷಯದಲ್ಲಿ ಮಾತ್ರ ಹುಷಾರು. ಇಂಗ್ಲೆಂಡಿನ ಮೂಲದ ಮ್ಯಾಸಿ, ಬಿ-275 ಗಾಡಿಗಳದು ಇಂಚಿನ ಲೆಕ್ಕ. ಜೆಟರ್ ಮೂಲದ ಎಚ್.ಎಂ.ಟಿ.ಯದು ಮಿ.ಮೀ. ಲೆಕ್ಕ. 5/16 ಇಂಚಿನ ಬೋಲ್ಟೂ 8 ಮಿ.ಮೀ. ಬೋಲ್ಟೂ ನೋಡಲು ಅವಳಿ-ಜವಳಿ, ದಪ್ಪದಲ್ಲಿ ಕೂದಲೆಳೆ ವ್ಯತ್ಯಾಸ. ಆದರೆ ಹಲ್ಲಿನ ಅಂತರ ಬೇರೆ. ಒಂದರ ನಟ್ಟನ್ನು ಇನ್ನೊಂದಕ್ಕೆ ಒತ್ತಾಯದಿಂದ ಬಿಗಿದರೆ ಎರಡು ಸುತ್ತು ಹೋಗಿ ಹಲ್ಲು ಕಿತ್ತುಕೊಳ್ಳುತ್ತದೆ. ನಾಲ್ಕು ರೂಪಾಯಿ ನಟ್ಟಿಗೆ ಹೋಗಿ ಹೌಸಿಂಗೇ ಕೆಟ್ಟರೆ ಮೂಗಿಗಿಂತ ಮೂಗುತಿ ಭಾರ.

ಹರಿಹರದ ಲೇತು

ಅಂಗಡಿಯಲ್ಲಿ ಇಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಇಲ್ಲ ಎಂದಾದಾಗ ಚೀಲ ಹೊತ್ತವರು ಹತ್ತುವುದು ಹರಿಹರದ ಬಸ್ಸು. ದಾವಣಗೆರೆಯಿಂದ ಸುಮಾರು 14 ಕಿ.ಮೀ.

ಹರಿಹರಕ್ಕೇ ಯಾಕೆ? ಅದಕ್ಕೆ ಕಾರಣ ಯಂತ್ರಾಪುರ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ತುಂಗಭದ್ರೆಯ ದಂಡೆಯ ಈ ಊರಿನಲ್ಲಿ ಶುರುವಾಯಿತು. ಯುದ್ಧದ ಕಾಲ, ಹೊರದೇಶದ ಯಂತ್ರ ಬರುವುದೇ ಕಷ್ಟವಾಗಿದ್ದ ದಿನಗಳು. ಯಂತ್ರ ಮಾಡುವ ಯಂತ್ರ, ಅಂದರೆ ಲೇತು, ಇಲ್ಲಿ ತಯಾರಾಗಿ ದೇಶದ ಮೂಲೆ ಮೂಲೆಗೆ ಹೋಯಿತು. 'ಎಂಟರ್‌ಪ್ರೈಸ್', 'ಟರ್ನ್‌ಮಾಸ್ಟರ್' ಎಂಬ ಹೆಸರಿನ ಅದರ ಲೇತುಗಳು ಹಳೇ ವರ್ಕ್‌ಶಾಪುಗಳಲ್ಲಿ ಇವತ್ತಿಗೂ ತಿರುಗುತ್ತಿವೆ. ಕಾರ್ಖಾನೆ ಮಾತ್ರ ಈ ಶತಮಾನದ ಆರಂಭದ ಹೊತ್ತಿಗೆ ಬಾಗಿಲು ಎಳೆಯಿತು. ಸೈರನ್ ಕೂಗಿಗೆ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಊರು ಸುಮ್ಮನಾಯಿತು.

ಕಂಪನಿ ಹೋದರೂ ಕೈಗೆ ಹತ್ತಿದ ವಿದ್ಯೆ ಒಂದೇ ದಿನಕ್ಕೆ ಹೋಗುವುದಿಲ್ಲ. ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ, ಲೇತಿಗೆ ಹಾಕಿ, ಮತ್ತೆ ಸೈಜಿಗೆ ತರುವುದು. ಸಡಿಲಾದ ಮನೆಗೆ ಗನ್‌ಮೆಟಲ್ ಬುಷ್ ತಿರುವಿ ಒತ್ತುವುದು. ಮುಂದಿನ ಆಕ್ಸಲ್ಲಿಗೆ ಹೊಸ ಪಿನ್ನು ಮಾಡುವುದು. ಸೀಲು ಉಜ್ಜಿ ಗೆರೆ ಬಿದ್ದ ಶಾಫ್ಟಿಗೆ ತೆಳು ತೋಳು ತೊಡಿಸುವುದು. ಇವೆಲ್ಲ ಬಲ್ಲ ಮೇಸ್ತ್ರಿಯ ಲೇತಿನಲ್ಲಿ ಆಗುವ ಕೆಲಸ. ಇಂಥ ಸಾಮಾನಿಗೆ ಕಂಪನಿ ಇದ್ದರೆಷ್ಟು, ಮುಚ್ಚಿದರೆಷ್ಟು?

ಮೇಸ್ತ್ರಿ ಮೊದಲು ಕೇಳುವುದು, "ಇದು ಎಲ್ಲಿ ಕೂರ್ತತಿ? ಅದನ್ನೂ ತಂದೀರೇನು?" ಎಂದು. ಪಿನ್ ತಂದವರು ಬುಷ್ ತರಬೇಕು, ಶಾಫ್ಟ್ ತಂದವರು ಬೇರಿಂಗ್ ತರಬೇಕು. ಸವೆದ ಸಾಮಾನಿನ ಅಳತೆ ಸವೆದ ಅಳತೆಯೇ. ಅದನ್ನೇ ನಕಲು ಮಾಡಿದರೆ ಹೊಸ ಸಾಮಾನೂ ಹುಟ್ಟಾ ಮುದುಕ. ಸವೆಯದ ತುದಿ ಎಲ್ಲಿದೆ ನೋಡಿ, ಜೋಡಿ ಸಾಮಾನು ಅಳೆದು, ಮೂಲ ಅಳತೆ ಎಷ್ಟಿದ್ದಿರಬೇಕೆಂದು ಲೆಕ್ಕ ಹಾಕುವುದೇ ಮೇಸ್ತ್ರಿಯ ವಿದ್ಯೆ.

ಲೇತಿಗೆ ಆಗದ್ದೂ ಇದೆ

ಹಾಗೆಂದು ಲೇತು ಕಲ್ಪವೃಕ್ಷವೇನಲ್ಲ. ಗೇರಿನ ಹಲ್ಲು ಕಡಿಯಲು ಮಿಲ್ಲಿಂಗ್ ಇಲ್ಲವೇ ಹಾಬಿಂಗ್ ಯಂತ್ರ ಬೇಕು. ಕಡಿದರೆ ಮುಗಿಯಲಿಲ್ಲ, ತಕ್ಕ ಉಕ್ಕು ಬೇಕು, ಬೆಂಕಿ ಕೊಟ್ಟು ಮೇಲ್ಮೈ ಗಟ್ಟಿ ಮಾಡಬೇಕು. ಸಾದಾ ಕಬ್ಬಿಣದಲ್ಲಿ ಮಾಡಿಸಿದ ಗೇರು ಅಂಗಡಿಯ ಗೇರಿನಂತೆಯೇ ಫಳಫಳ ಹೊಳೆಯುತ್ತದೆ, ಕೆಲಸಕ್ಕೆ ಇಳಿದರೆ ಬೇಗನೆ ಹಲ್ಲು ಉದುರಿಸುತ್ತದೆ. ಅದರ ಚೂರು ಪಕ್ಕದ ಒಳ್ಳೇ ಗೇರಿಗೂ ಸಿಕ್ಕಿ, ಡಬ್ಬವೇ ಹಾಳು. ಆದ್ದರಿಂದ ಗೇರು ಮಾಡಿಸುವವರು "ಯಾವ ಸ್ಟೀಲು, ಹಾರ್ಡ್ ಮಾಡ್ತೀರೇನು?" ಎಂದು ಕೇಳಿಯೇ ಮುಂಗಡ ಕೊಡಬೇಕು.

ಡೀಸೆಲ್ ಪಂಪಿನ ಒಳಗಿನ ಪ್ಲಂಜರ್ ಜೋಡಿಗೂ ಲೇತು ಆಗದು. ಅದರ ಸಂದು ತಲೆಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಜೋಡಿಯಾಗಿಯೇ ಅರೆದು ಕೂರಿಸಿರುತ್ತಾರೆ, ಜೋಡಿಯಾಗಿಯೇ ಬದಲಿಸಬೇಕು. ಪಂಪಿನ ಮೇಲೆ 'ಮೈಕೋ' ಎಂದಿದ್ದರೆ ಹೆದರಬೇಕಿಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತಷ್ಟೆ. ಪಂಪಿನ ತಗಡಿನ ಪಟ್ಟಿಯಲ್ಲಿರುವ ನಂಬರ್ ಉಳಿಸಿಕೊಂಡರೆ ಸಾಮಾನು ಹುಡುಕುವುದು ಹಗುರ. ಬಣ್ಣ ಬಳಿಸುವಾಗ ಆ ಪಟ್ಟಿ ಕಿತ್ತು ಹಾಕುವವರಿಗೆ ಏನೆನ್ನಬೇಕು? ಪಂಪು ಬಿಚ್ಚುವುದು ಮಾತ್ರ ಟೆಸ್ಟ್ ಬೆಂಚ್ ಇರುವ ಕಡೆಯೇ ಆಗಬೇಕು. ಹೊಲದ ಬದುವಿನಲ್ಲಿ ಬಿಚ್ಚಿದರೆ ಒಂದು ಕಣ ಧೂಳು ಸಾಕು.

ಕ್ರ್ಯಾಂಕಿನದು ಮೂರನೇ ಕಥೆ. ಸವೆದ ಕ್ರ್ಯಾಂಕನ್ನು 'ಹತ್ತು ತೌ', 'ಇಪ್ಪತ್ತು ತೌ' ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಣೆ ಹಿಡಿಯುತ್ತಾರೆ. ಹತ್ತು ತೌ ಎಂದರೆ ಹೆಚ್ಚುಕಡಿಮೆ ಕಾಲು ಮಿ.ಮೀ. ಬೇರಿಂಗ್ ಬಟ್ಟಲು ಅದೇ ಮೆಟ್ಟಿಲಿನದೇ ಬೇಕು. ಬುದ್ಧಿವಂತರು ಮೊದಲು ಯಾವ ಸೈಜಿನ ಬಟ್ಟಲು ಅಂಗಡಿಯಲ್ಲಿದೆ ಎಂದು ನೋಡಿ, ಅದನ್ನು ಕೈಯಲ್ಲಿ ಹಿಡಿದು, ಆಮೇಲೆ ಕ್ರ್ಯಾಂಕನ್ನು ಸಾಣೆಗೆ ಕೊಡುತ್ತಾರೆ. ಹಳೇ ಗಾಡಿಯ ವಿಷಯದಲ್ಲಿ ಈ ಕ್ರಮ ತಪ್ಪಿದರೆ, ಸಾಣೆ ಹಿಡಿದ ಕ್ರ್ಯಾಂಕು ಮನೆಯಲ್ಲಿ, ಬಟ್ಟಲು ಮಾತ್ರ ಎಲ್ಲೂ ಇಲ್ಲ!

ಗುಜರಿ, ಡೂಪ್ಲಿಕೇಟು, ಬಿಲ್ಲು

ಬೀಡಿನ ಹೌಸಿಂಗ್, ಗೇರ್‌ಬಾಕ್ಸಿನ ಕವಚ, ಹೈಡ್ರಾಲಿಕ್ ಮುಚ್ಚಳದಂಥ ದೊಡ್ಡ ಸಾಮಾನಿಗೆ ಗುಜರಿಯೇ ಗತಿ. ಸತ್ತ ಟ್ರ್ಯಾಕ್ಟರಿನಿಂದ ಬದುಕಿರುವ ಟ್ರ್ಯಾಕ್ಟರಿಗೆ ಅಂಗದಾನ. ತರುವಾಗ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು ಒರೆಸಿ, ಸುಣ್ಣದ ಪುಡಿ ಬಳಿದು ನೋಡಬೇಕು. ಬಿರುಕಿದ್ದರೆ ಎಣ್ಣೆ ಜಿನುಗಿ ಕಪ್ಪು ಗೆರೆ ಕಾಣುತ್ತದೆ. ಬೀಡಿನ ಬಿರುಕಿಗೆ ಸಾದಾ ವೆಲ್ಡಿಂಗ್ ನಿಲ್ಲುವುದಿಲ್ಲ. ಕಾಯಿಸಿ, ಅದಕ್ಕೆ ತಕ್ಕ ರಾಡಿನಲ್ಲಿ ಹಿಡಿಯಬೇಕು, ನಿಧಾನಕ್ಕೆ ಆರಿಸಬೇಕು.

ಅಂಗಡಿಯ ಮಾಲಿನಲ್ಲಿ 'ಕಂಪ್ನಿ', 'ಲೋಕಲ್' ಎಂಬ ಎರಡು ಜಾತಿ ಎಲ್ಲರಿಗೂ ಗೊತ್ತು. ಲೋಕಲ್ ಎಂದು ಹೇಳಿ ಲೋಕಲ್ ದರಕ್ಕೆ ಮಾರುವುದು ವ್ಯಾಪಾರ. ಕಂಪನಿ ಡಬ್ಬಿಯ ನಕಲು ಮಾಡಿ ಕಂಪನಿ ದರಕ್ಕೆ ಮಾರುವುದು ಮೋಸ. ಬಿಲ್ಲು ಕೇಳಿದರೆ ಎರಡರ ನಡುವಿನ ಗೆರೆ ತಾನಾಗಿ ಕಾಣುತ್ತದೆ. ಬಿಲ್ಲಿಗೆ ಹೆದರುವ ಕಾಲವೂ ಇದಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟಯರು ಮತ್ತು ಹಲವು ಟ್ರ್ಯಾಕ್ಟರ್ ಬಿಡಿಭಾಗಗಳ ಜಿ.ಎಸ್.ಟಿ. ಶೇ. 18ರಿಂದ 5ಕ್ಕೆ ಇಳಿದಿದೆ. ಸರಿಯಾಗಿ ಬಿಲ್ಲು ಬರೆಯುವ ಅಂಗಡಿಯವರಿಗೂ ಇದರಿಂದ ಅನುಕೂಲ, ಕೊಳ್ಳುವವರಿಗೂ ಅನುಕೂಲ. ದೂರದ ಊರಿನಿಂದ ಸಾಮಾನು ತರಿಸಲು 2021ರಲ್ಲಿ ಶುರುವಾದ ಕೆ.ಎಸ್.ಆರ್.ಟಿ.ಸಿ.ಯ 'ನಮ್ಮ ಕಾರ್ಗೋ' ಇದೆ, ಖಾಸಗಿ ಲಾರಿ ಪಾರ್ಸಲ್ಲೂ ಇದೆ. ಒಂದು ಸೀಲಿಗಾಗಿ ಬೆಂಗಳೂರಿಗೆ ಹೋಗಿ ಬರುವ ಚಾರ್ಜು ಉಳಿಯುತ್ತದೆ.

ಅಳೆಯುವ ಕೈ ಎಲ್ಲಿಂದ ತರೋಣ?

ಬೇರಿಂಗು ಸಿಕ್ಕೀತು, ಸೀಲು ಸಿಕ್ಕೀತು. ನಾಳೆ ಸಿಗದೆ ಹೋಗುವ ಭಯ ಇರುವುದು ಸಾಮಾನಿನದಲ್ಲ, ಸಾಮಾನನ್ನು ಅಳೆದು ಹೇಳುವ ಮನುಷ್ಯನದು. ಹಳೇ ಲೇತಿನ ಮುಂದೆ ಕೂದಲು ನೆರೆಸಿಕೊಂಡವರ ಪಕ್ಕ ಕಲಿಯಲು ನಿಂತ ಹುಡುಗರು ಕಡಿಮೆ. ಐ.ಟಿ.ಐ. ಮುಗಿಸಿದ ಹುಡುಗ ಬೆಂಗಳೂರಿನ ಪೀಣ್ಯಕ್ಕೆ ಹೋಗುತ್ತಾನೆ, ಕಂಪ್ಯೂಟರ್ ಲೇತಿನ ಗುಂಡಿ ಒತ್ತುತ್ತಾನೆ. ಅದು ತಪ್ಪಲ್ಲ, ಅವನ ಹೊಟ್ಟೆಪಾಡು. ಅಲ್ಲಿ ಡ್ರಾಯಿಂಗ್ ಕೈಗೆ ಕೊಡುತ್ತಾರೆ, ಅದರಂತೆ ಕಡಿದರಾಯಿತು. ಇಲ್ಲಿ ಡ್ರಾಯಿಂಗೇ ಇಲ್ಲ. ಮುರಿದ ಚೂರು ನೋಡಿ ಡ್ರಾಯಿಂಗನ್ನು ತಲೆಯಲ್ಲೇ ಬರೆಯಬೇಕು.

ಹರಿಹರದಲ್ಲಿ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಇದೆ, ದಾವಣಗೆರೆಯಲ್ಲಿ ಸರ್ಕಾರಿ ಐ.ಟಿ.ಐ. ಇದೆ. ವರ್ಷಕ್ಕೊಂದು ತಿಂಗಳು, ಏಪ್ರಿಲ್-ಮೇನಲ್ಲಿ, ರೈತರ ಹಳೇ ಟ್ರ್ಯಾಕ್ಟರುಗಳನ್ನು ಅಂಗಳಕ್ಕೆ ಕರೆಸಿ, ಸವೆದ ಸಾಮಾನು ಅಳೆದು ಡ್ರಾಯಿಂಗ್ ಬರೆಯುವುದನ್ನೇ ಹುಡುಗರಿಗೆ ಪಾಠವಾಗಿ ಇಟ್ಟರೆ ಖರ್ಚೆಷ್ಟಾದೀತು? ಊರಿನ ಹಿರಿಯ ಮೇಸ್ತ್ರಿಗಳನ್ನು ಎದುರಿಗೆ ಕೂರಿಸಿ ಗೌರವಧನ ಕೊಟ್ಟರೆ ಯಾರ ಗಂಟು ಹೋದೀತು? ಬರೆದ ಡ್ರಾಯಿಂಗುಗಳನ್ನು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಕಡತ ಮಾಡಿ ಇಟ್ಟರೆ, ವಾರಸುದಾರ ಇಲ್ಲದ ಗಾಡಿಗೂ ಒಂದು ವಂಶಾವಳಿ ಸಿಕ್ಕಂತಾಗುತ್ತದೆ.

ಅಂಗಡಿಯವರಲ್ಲೂ ಒಂದು ಅರಿಕೆ. ಹಳೇ ಪಾರ್ಟ್ಸ್ ಕ್ಯಾಟಲಾಗನ್ನು ಜಾಗ ಇಲ್ಲವೆಂದು ರದ್ದಿಗೆ ಹಾಕಬೇಡಿ. ಕಂಪನಿ ಮುಚ್ಚಿದ ಮೇಲೆ ಆ ಪುಸ್ತಕಕ್ಕೇ ಬೆಲೆ ಜಾಸ್ತಿ. ರೈತರಿಗೂ ಅಷ್ಟೆ. ಒಂದು ಸಲ ಹೊಂದಿದ ಬೇರಿಂಗ್, ಸೀಲು, ಫಿಲ್ಟರಿನ ನಂಬರನ್ನು ಆರ್.ಸಿ. ಪುಸ್ತಕದ ಜೊತೆಗೊಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ಸಲ ಅರ್ಧ ಕೆಲಸ ಮನೆಯಲ್ಲೇ ಮುಗಿದಿರುತ್ತದೆ. ಮಕ್ಕಳು ಹೈಸ್ಕೂಲಿಗೆ ಹೋಗುತ್ತಿದ್ದರೆ ಅವರ ಕೈಯಲ್ಲೇ ಬರೆಸಿ. ಐದರ ಮಗ್ಗಿ ಬಂದರೆ ಬೇರಿಂಗಿನ ತೂತು ತಿಳಿಯುತ್ತದೆ.

ಪಿಂಜೋರಿನ ಬೀಗ ತೆಗೆಸುವುದು ನಮ್ಮ ಕೈಯಲ್ಲಿಲ್ಲ, ಯಂತ್ರಾಪುರದ ಸೈರನ್ ಮತ್ತೆ ಕೂಗಿಸುವುದೂ ಇಲ್ಲ. ಆದರೆ ಮೇಸ್ತ್ರಿಗಳ ಕೈವಿದ್ಯೆ ಇನ್ನೂ ಹರಿಹರದಲ್ಲಿದೆ, ಕಲಿಸುವ ಕಟ್ಟಡಗಳೂ ಇಲ್ಲೇ ಇವೆ. ಇವೆರಡನ್ನೂ ಒಂದೇ ಸೂರಿನಡಿ ತರುವ ಕೆಲಸಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಸಂಬಂಧಪಟ್ಟವರು ಮುಂದಿನ ಮೃಗಶಿ‌ರಾ ಮಳೆಗೆ ಮುಂಚೆಯಾದರೂ ಮನಸ್ಸು ಮಾಡುವರೇ?